ಬೀಗ ಹಾಕಿದ ಕಪಾಟಿನಿಂದ ವಾಚನಾಲಯದವರೆಗೆ: ಮುಂಬಯಿಯ ಕನ್ನಡ ಸಂಘಗಳಿಗೆ ಒಂದು ಕೈಪಿಡಿ

ಕಾಲೇಜು ಗ್ರಂಥಾಲಯವೊಂದರಲ್ಲಿ ದುಡಿದು ನಿವೃತ್ತಳಾದ ಮೇಲೆ ಮುಂಬಯಿಯ ಉಪನಗರದ ಕೆಲವು ಕನ್ನಡ ಸಂಘಗಳ ಪುಸ್ತಕಗಳನ್ನು ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಘದಲ್ಲಿ ಕಪಾಟಿನ ಕೀಲಿಕೈ ಸಿಗಲು ಮೂರು ಭಾನುವಾರ ಕಾಯಬೇಕಾಯಿತು. ತೆರೆದಾಗ ಮೂಗಿಗೆ ಬಡಿದದ್ದು ಒದ್ದೆ ಗೋಣಿಯಂಥ ವಾಸನೆ. ಕೈಗೆ ಸಿಕ್ಕ ಮೊದಲ ಕಾದಂಬರಿಯ ಹಿಂಬದಿಯಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ಕೊನೆಯ ತಾರೀಕು 1994ರದ್ದು. ಅಷ್ಟು ವರ್ಷ ಆ ಪುಸ್ತಕವನ್ನು ಯಾರೂ ಮುಟ್ಟಿರಲಿಲ್ಲ. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಓದಲು ಏನೂ ಸಿಗದೆ ಹಳೆಯ ಪಂಚಾಂಗವನ್ನೇ ಮತ್ತೆ ಮತ್ತೆ ಓದುತ್ತಿದ್ದರು.

ಪುಸ್ತಕ ನಮ್ಮ ಸಂಘಗಳಲ್ಲಿ ಬೇಕಾದಷ್ಟಿದೆ. ಅದನ್ನು ನೋಡಿಕೊಳ್ಳಬಲ್ಲ, ಸ್ವಲ್ಪವಾದರೂ ತರಬೇತಿ ಪಡೆದ ಒಬ್ಬ ವ್ಯಕ್ತಿ ಇಲ್ಲ. ಆ ವ್ಯಕ್ತಿಯನ್ನು ತಯಾರು ಮಾಡುವುದು ಹೇಗೆ, ಮಹಾರಾಷ್ಟ್ರದಲ್ಲಿ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದೇ ಈ ಬರಹದ ಮುಖ್ಯ ವಿಷಯ. ಆದರೆ ಕೆಲಸ ಕಪಾಟಿನಿಂದಲೇ ಶುರುವಾಗಬೇಕು.

ಮೊದಲು ಎಲ್ಲವನ್ನೂ ಕೆಳಗಿಳಿಸಿ

ನವೆಂಬರಿನಿಂದ ಫೆಬ್ರವರಿಯೊಳಗೆ ಒಂದು ಭಾನುವಾರ ಗೊತ್ತು ಮಾಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಂಬಯಿಯ ಜುಲೈ ತಿಂಗಳ ಗಾಳಿಯಲ್ಲಿ ತೆರೆದಿಟ್ಟ ಪುಸ್ತಕ ತೇವ ಕುಡಿಯುತ್ತದೆ. ನಾಲ್ಕೈದು ಜನ ಸಾಕು. ಮೂಗಿಗೆ ಮಾಸ್ಕ್ ಇರಲಿ, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ. ಪುಸ್ತಕಗಳನ್ನು ನಾಲ್ಕು ರಾಶಿ ಮಾಡಿ: ಓದಲು ಚೆನ್ನಾಗಿರುವುದು, ಹೊಲಿಗೆ ಬಿಚ್ಚಿದ್ದು, ಹುಳು ಹಿಡಿದದ್ದು, ಮತ್ತು ಮುಂಬಯಿಯಲ್ಲೇ ಹುಟ್ಟಿದ್ದು.

ಹುಳು ಹಿಡಿದದ್ದನ್ನು ಉಳಿದವುಗಳ ಹತ್ತಿರ ಇಡಲೇಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೋಗದಂತೆ ಟೇಪ್ ಅಂಟಿಸಿ, ಯಾರ ಮನೆಯಲ್ಲಾದರೂ ಡೀಪ್ ಫ್ರೀಜರ್ ಇದ್ದರೆ ಎರಡು ವಾರ ಅದರಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಕ್ಷಣ ಬಿಚ್ಚಿದರೆ ತಣ್ಣಗಿನ ಹಾಳೆಗಳ ಮೇಲೆ ನೀರು ಕೂರುತ್ತದೆ. ವಿಷದ ಪುಡಿಗಿಂತ ಇದು ಒಳ್ಳೆಯದು, ಏಕೆಂದರೆ ಆ ಪುಸ್ತಕವನ್ನು ನಾಳೆ ಒಂದು ಮಗು ಮಡಿಲಲ್ಲಿಟ್ಟುಕೊಂಡು ಓದಬೇಕು.

ಒದ್ದೆಯಾದ ಪುಸ್ತಕದ ಪಾಠ ನನಗೆ ಕಲಿಸಿದ್ದು 2005ರ ಜುಲೈ 26. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಾನಿದ್ದ ಗ್ರಂಥಾಲಯದೊಳಗೆ ನೀರು ಬಂದು ಕೆಳಗಿನ ಎರಡು ಸಾಲು ಮುಳುಗಿದವು. ಅವಸರದಲ್ಲಿ ಕೆಲವನ್ನು ಟೆರೇಸಿನ ಬಿಸಿಲಿಗೆ ಒಯ್ದೆವು. ಅವು ಹಪ್ಪಳದಂತೆ ಸೊಟ್ಟಗಾದವು, ರಟ್ಟು ಕಿತ್ತುಬಂತು. ಜಾಗ ಸಾಲದೆ ಒಳಗೇ ಉಳಿದವನ್ನು ಮೇಜಿನ ಮೇಲೆ ನಿಲ್ಲಿಸಿ, ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಾಗದ ಬಿಳಿ ನ್ಯೂಸ್‌ಪ್ರಿಂಟ್ ಸೇರಿಸಿ, ಫ್ಯಾನ್ ಹಾಕಿ, ದಿನಕ್ಕೆರಡು ಸಲ ಆ ಕಾಗದ ಬದಲಾಯಿಸಿದೆವು. ಅವು ಉಳಿದವು. ಆಗಿನಿಂದ ನಾನು ಜೋಡಿಸುವ ಯಾವ ಕಪಾಟಿನಲ್ಲೂ ನೆಲದಿಂದ ಒಂದು ಅಡಿಯವರೆಗೆ ಪುಸ್ತಕ ಇರುವುದಿಲ್ಲ. ಹೊರಗೋಡೆಗೆ ಕಪಾಟು ಒರಗಿಸಬಾರದು, ಒಂದು ಗೇಣು ಬಿಡಬೇಕು. ಮುಂಬಯಿಯ ಗೋಡೆಗಳು ಮಳೆಗಾಲದಲ್ಲಿ ಬೆವರುತ್ತವೆ.

ನಾಲ್ಕನೆಯ ರಾಶಿಯ ಬಗ್ಗೆ ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದ ನಗರವಿದು. ಅಂದಿನಿಂದ ಇಲ್ಲಿನ ಕನ್ನಡಿಗರು ಅಚ್ಚು ಹಾಕಿಸಿದ ಸ್ಮರಣ ಸಂಚಿಕೆಗಳು, ನಾಟಕದ ಕರಪತ್ರಗಳು, ರಾತ್ರಿಶಾಲೆಗಳ ವಾರ್ಷಿಕ ವರದಿಗಳು, ಸಂಘದ ನಡಾವಳಿ ಪುಸ್ತಕಗಳು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹೆಸರಾಂತ ಕಾದಂಬರಿಯ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ಸಿಗುತ್ತದೆ. ಹೋಟೆಲ್ ಹುಡುಗರು ಹಗಲೆಲ್ಲ ದುಡಿದು ರಾತ್ರಿ ಕಲಿತ ಶಾಲೆಯೊಂದರ ವರದಿ ನಿಮ್ಮ ಕಪಾಟು ಬಿಟ್ಟರೆ ಬಹುಶಃ ಬೇರೆಲ್ಲೂ ಇರುವುದಿಲ್ಲ. ಇವುಗಳನ್ನು ಬೇರೆ ಪೆಟ್ಟಿಗೆಯಲ್ಲಿಡಿ, ಹೊರಗೆ ಕೊಡಬೇಡಿ, ಅಲ್ಲೇ ಕೂತು ಓದಲು ಕೊಡಿ. ಸ್ಕ್ಯಾನ್ ಮಾಡಿ ಹಂಚುವ ಮುನ್ನ ಹಕ್ಕು ಯಾರದೆಂದು ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ.

ಆಕ್ಸೆಷನ್ ರಿಜಿಸ್ಟರ್ ಬರೆಯಿರಿ

ಸೇರಿದ ಪ್ರತಿ ಪುಸ್ತಕವನ್ನೂ ದಾಖಲಿಸುವ ಈ ವಹಿಯೇ ಗ್ರಂಥಾಲಯದ ಜಾತಕ. ಗಟ್ಟಿ ರಟ್ಟಿನ, ಪುಟಸಂಖ್ಯೆ ಅಚ್ಚಾದ ದೊಡ್ಡ ವಹಿ ಕೊಳ್ಳಿ. ಪ್ರತಿ ಪುಸ್ತಕಕ್ಕೂ ಒಂದು ಸಾಲು: ಸೇರಿದ ತಾರೀಕು, ಕ್ರಮಸಂಖ್ಯೆ, ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು, ಷರಾ. ಒಂದೇ ಪುಸ್ತಕದ ಮೂರು ಪ್ರತಿ ಇದ್ದರೆ ಮೂರು ಸಂಖ್ಯೆ. ಪುಸ್ತಕ ಕಳೆದುಹೋದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು, ಷರಾದಲ್ಲಿ ಬರೆಯಬೇಕು ಅಷ್ಟೆ. ದಾನ ಕೊಟ್ಟವರ ಹೆಸರನ್ನು ತಪ್ಪದೆ ಬರೆಯಿರಿ. ತೀರಿಕೊಂಡ ಅಪ್ಪನ ಪುಸ್ತಕಗಳನ್ನು ತಂದುಕೊಟ್ಟ ಮಗಳು ಹತ್ತು ವರ್ಷದ ಮೇಲೆ ಬಂದು ಆ ಸಾಲಿನ ಮೇಲೆ ಬೆರಳಿಟ್ಟು ನಿಂತದ್ದನ್ನು ನಾನು ನೋಡಿದ್ದೇನೆ.

ಮುದ್ರೆಯನ್ನು ಹೆಸರುಪುಟದ ಹಿಂಬದಿಯಲ್ಲಿ ಒಂದು, ಕೊನೆಯ ಪುಟದಲ್ಲಿ ಒಂದು, ಮತ್ತು ನೀವೇ ಗೊತ್ತು ಮಾಡಿಕೊಂಡ ಒಂದು ಗುಪ್ತ ಪುಟದಲ್ಲಿ ಒಂದು ಒತ್ತಿ. ನಮ್ಮಲ್ಲಿ ಅದು 37ನೇ ಪುಟವಾಗಿತ್ತು. ಮೊದಲ ಹಾಳೆ ಹರಿದ ಪುಸ್ತಕ ಫುಟ್‌ಪಾತಿನಲ್ಲಿ ಸಿಕ್ಕರೂ 37ನೇ ಪುಟ ತೆರೆದು ನಮ್ಮದೆಂದು ಹೇಳಬಹುದಿತ್ತು.

ವರ್ಗೀಕರಣಕ್ಕೆ ಹೆದರಬೇಡಿ. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಾವ್ಯಕ್ಕೆ ಕೊನೆಯಲ್ಲಿ 1, ನಾಟಕಕ್ಕೆ 2, ಕತೆ ಕಾದಂಬರಿಗೆ 3, ಪ್ರಬಂಧಕ್ಕೆ 4 ಸೇರುತ್ತದೆ. ಆದರೆ ಸಂಘದ ಕಪಾಟಿನಲ್ಲಿ ಹತ್ತರಲ್ಲಿ ಎಂಟು ಪುಸ್ತಕ ಇದೇ ಸಂಖ್ಯೆಯೊಳಗೆ ಬೀಳುತ್ತವೆ. ಬೆನ್ನಿನ ಮೇಲೆಲ್ಲ 894.814 ಎಂದು ಅಂಟಿಸಿದರೆ ಓದುಗರಿಗೆ ಏನು ಲಾಭ? ಆದ್ದರಿಂದ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಬೆನ್ನಿಗೆ 'ಕಾದಂ', 'ಕವಿ', 'ನಾಟ', 'ಮಕ್ಕ' ಎಂಬ ಅಕ್ಷರ ಮತ್ತು ಲೇಖಕರ ಹೆಸರಿನ ಮೊದಲೆರಡು ಅಕ್ಷರ ಹಾಕಿ. ಚೀಟಿ ಎಲ್ಲ ಪುಸ್ತಕಕ್ಕೂ ಬುಡದಿಂದ ಒಂದೇ ಎತ್ತರದಲ್ಲಿರಲಿ, ಕಣ್ಣು ಸಾಲಾಗಿ ಓಡುತ್ತದೆ.

ನಮ್ಮ ಪುಸ್ತಕಗಳಲ್ಲಿ ಎದುರಾಗುವ ಒಂದು ತೊಡಕೆಂದರೆ ಕಾವ್ಯನಾಮ. ಒಂದು ಪುಸ್ತಕದ ಮೇಲೆ ಕುವೆಂಪು, ಇನ್ನೊಂದರ ಮೇಲೆ ಕೆ. ವಿ. ಪುಟ್ಟಪ್ಪ. ಒಂದೆಡೆ ಶ್ರೀನಿವಾಸ, ಇನ್ನೊಂದೆಡೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಬೇರೆ ಬೇರೆ ಕಡೆ ಇಟ್ಟರೆ ಒಬ್ಬರೇ ಲೇಖಕರು ಎರಡು ಕಡೆ ಹಂಚಿಹೋಗುತ್ತಾರೆ. ಜನ ಯಾವ ಹೆಸರಿನಿಂದ ಕೇಳುತ್ತಾರೋ ಅದನ್ನು ಆರಿಸಿ, ಇನ್ನೊಂದು ಹೆಸರಿನ ಕೆಳಗೆ 'ಇಲ್ಲಿ ನೋಡಿ' ಎಂದು ಬರೆಯಿರಿ. ಈ ನಿರ್ಧಾರಗಳನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ನಿಮ್ಮ ನಂತರ ಬರುವವರು ಅದನ್ನೇ ಹಿಡಿದು ನಡೆಯುತ್ತಾರೆ.

ಕಂಪ್ಯೂಟರ್ ಬೇಕೇ? ಸಾವಿರದ ಒಳಗಿನ ಸಂಗ್ರಹಕ್ಕೆ ಎಕ್ಸೆಲ್ ಸಾಕು, ಅಕ್ಷರ ಯೂನಿಕೋಡ್‌ನಲ್ಲಿರಲಿ. ಮುಂದೆ ದೊಡ್ಡದಾದರೆ ಕೊಹಾ ಎಂಬ ಉಚಿತ ತಂತ್ರಾಂಶವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಈಗಲೇ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಇಲ್ಲಿನ ಕಾಯಿದೆ ಬೇರೆ

ಊರಿನಿಂದ ಬಂದ ನಮ್ಮವರು ಇಲ್ಲಿ ಎಡವುತ್ತಾರೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿಸಿ ವಸೂಲು ಮಾಡುತ್ತಾರೆ, ಆ ಹಣದಲ್ಲಿ ಸರ್ಕಾರದ ಇಲಾಖೆಯೇ ನಗರ, ಜಿಲ್ಲಾ ಗ್ರಂಥಾಲಯಗಳನ್ನು ನಡೆಸುತ್ತದೆ. ಮಹಾರಾಷ್ಟ್ರದ ಕಾಯಿದೆ 1967ರದ್ದು, ಅದರಲ್ಲಿ ಗ್ರಂಥಾಲಯ ಕರ ಇಲ್ಲ. ಇಲ್ಲಿ ಬಹುಪಾಲು ವಾಚನಾಲಯಗಳನ್ನು ನಡೆಸುವವರು ಜನರೇ ಕಟ್ಟಿಕೊಂಡ ಸಂಸ್ಥೆಗಳು. ಸರ್ಕಾರ ಅವುಗಳಿಗೆ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂದು ವರ್ಗ ಮಾಡಿ ಅನುದಾನ ಕೊಡುತ್ತದೆ. ಪುಣೆ ನಗರ ವಾಚನ ಮಂದಿರ 1848ರಿಂದ, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಿಂದ, ದಾದರ್‌ನಲ್ಲಿರುವ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ 1898ರಿಂದ ನಡೆದುಬಂದದ್ದು ಜನರ ಚಂದಾ ಮತ್ತು ದುಡಿಮೆಯಿಂದ. ಈ ನಾಡಿನ ರೂಢಿಯೇ ಹೀಗಿರುವುದರಿಂದ ಸಂಘ ನಡೆಸುವ ಕನ್ನಡ ವಾಚನಾಲಯ ಇಲ್ಲಿ ಯಾರ ಕಣ್ಣಿಗೂ ಹೊಸದಾಗಿ ಕಾಣುವುದಿಲ್ಲ. ಗೋವಾದ ಓದುಗರಿಗೆ ಕಾಯಿದೆ 1993ರದ್ದು. ಪಣಜಿಯಲ್ಲಿ 1832ರಲ್ಲಿ ಶುರುವಾದ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯದಲ್ಲೇ ವಿಚಾರಿಸುವುದು ಸುಲಭ.

ಮಾನ್ಯತೆ ಕೇಳಬೇಕೆಂದರೆ ಸಂಘ 1860ರ ಸೊಸೈಟಿ ನೋಂದಣಿ ಕಾಯಿದೆ ಮತ್ತು 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆ ಎರಡರಲ್ಲೂ ನೋಂದಾಯಿಸಿಕೊಂಡಿರಬೇಕು. ಸಂಘದ ಉದ್ದೇಶಗಳ ಪಟ್ಟಿಯಲ್ಲಿ 'ವಾಚನಾಲಯ ನಡೆಸುವುದು' ಎಂಬ ಮಾತು ಇದೆಯೇ ಎಂದು ಇಂದೇ ನೋಡಿ. ಇಲ್ಲದಿದ್ದರೆ ಮುಂದಿನ ಮಹಾಸಭೆಯಲ್ಲಿ ಸೇರಿಸಿ. ವಾಚನಾಲಯದ ಲೆಕ್ಕವನ್ನು ಗಣೇಶೋತ್ಸವದ, ಯಕ್ಷಗಾನದ ಲೆಕ್ಕದೊಂದಿಗೆ ಬೆರೆಸದೆ ಬೇರೆ ಇಡಿ. ಆಮೇಲೆ ಜಿಲ್ಲಾ ಗ್ರಂಥಾಲಯ ಅಧಿಕಾರಿಯವರ ಕಚೇರಿಗೆ ಹೋಗಿ. ಹೊಸ ಮಾನ್ಯತೆ ಸದಾ ತೆರೆದಿರುವುದಿಲ್ಲವಾದ್ದರಿಂದ ಸದ್ಯ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ಕೇಳಿ. ಮಾತು, ಕಾಗದ ಎರಡೂ ಮರಾಠಿಯಲ್ಲಿ ನಡೆಯುತ್ತವೆ. ಅಲ್ಲಿ ವರ್ಗಣಿ ಎಂದರೆ ಚಂದಾ, ಅನಾಮತ್ ಎಂದರೆ ವಾಪಸು ಕೊಡಬೇಕಾದ ಠೇವಣಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ವರ್ಷ ಅನುದಾನದ ಯೋಚನೆಯನ್ನೇ ಬಿಡಿ. ವಾರಕ್ಕೆ ಎರಡು ದಿನ ತಪ್ಪದೆ ಬಾಗಿಲು ತೆರೆದ ದಾಖಲೆ, ಸದಸ್ಯರ ವಹಿ, ಕೊಟ್ಟು ತೆಗೆದುಕೊಂಡ ಲೆಕ್ಕ ಇವು ಕೈಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ. ಅದಕ್ಕೂ ಮೊದಲು ನಿಮಗೆ ಬೇಕಾದದ್ದು ಬಲ್ಲವರ ಸಂಗ.

ಗ್ರಂಥಪಾಲರ ಸಂಘಗಳ ಬಾಗಿಲು ತಟ್ಟಿ

ನಮ್ಮ ಸಂಘಗಳು ಈ ಹೆಜ್ಜೆ ಇಡುವುದೇ ಇಲ್ಲ. ವಕೀಲರಿಗೆ, ವೈದ್ಯರಿಗೆ ಇರುವಂತೆ ಗ್ರಂಥಪಾಲರಿಗೂ ವೃತ್ತಿ ಸಂಘಗಳಿವೆ, ಅವುಗಳ ಇತಿಹಾಸ ಉದ್ದವಾದದ್ದು. ಭಾರತೀಯ ಗ್ರಂಥಾಲಯ ಸಂಘ 1933ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು, ಈಗ ದೆಹಲಿಯಲ್ಲಿದೆ. ಸಂಶೋಧನಾ ಸಂಸ್ಥೆಗಳಂಥ ಕಡೆ ಇರುವ ವಿಶೇಷ ಗ್ರಂಥಾಲಯಗಳವರ ಸಂಘ ಇಯಾಸ್ಲಿಕ್ 1955ರದ್ದು. ಜಗತ್ತಿನ ಸಂಘಗಳನ್ನೆಲ್ಲ ಒಟ್ಟುಗೂಡಿಸುವ ಇಫ್ಲಾ 1927ರದ್ದು. ಭಾರತೀಯ ಗ್ರಂಥಾಲಯ ಸಂಘದಲ್ಲಿ ವ್ಯಕ್ತಿಗಳೂ ಸದಸ್ಯರಾಗಬಹುದು, ಸಂಸ್ಥೆಗಳೂ ಆಗಬಹುದು.

ಆದರೆ ನಿಮಗೆ ದಿನನಿತ್ಯ ಕೆಲಸಕ್ಕೆ ಬರುವುದು ಹತ್ತಿರದ ಸಂಘ. ಮಹಾರಾಷ್ಟ್ರದಲ್ಲಿ ಜಿಲ್ಲಾ ಗ್ರಂಥಾಲಯ ಸಂಘ, ಅದರ ಮೇಲೆ ವಿಭಾಗ ಸಂಘ, ಅದರ ಮೇಲೆ ರಾಜ್ಯ ಸಂಘ ಎಂದು ಮೂರು ಮೆಟ್ಟಿಲು. ಇವು ವಾಚನಾಲಯಗಳ ಒಕ್ಕೂಟಗಳು. ಜಿಲ್ಲಾ ಸಂಘದ ಕಾರ್ಯಕರ್ತರಿಗೆ ಯಾವ ಅರ್ಜಿ ಯಾವ ಮೇಜಿನಲ್ಲಿ ನಿಲ್ಲುತ್ತದೆ, ತಪಾಸಣೆಗೆ ಬಂದವರು ಯಾವ ವಹಿ ಕೇಳುತ್ತಾರೆ ಎಂಬುದು ಬಾಯಿಪಾಠವಾಗಿರುತ್ತದೆ. ಜಿಲ್ಲೆಯಲ್ಲಿ ಗ್ರಂಥೋತ್ಸವ ನಡೆದಾಗ ಅಲ್ಲಿಗೆ ಹೋಗಿ, ನಿಮ್ಮ ವಾಚನಾಲಯದ ಒಂದು ಪುಟದ ಪರಿಚಯವನ್ನು ಮರಾಠಿಯಲ್ಲಿ ಬರೆದು ಕೊಂಡೊಯ್ಯಿರಿ. ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗಳ ಗ್ರಂಥಪಾಲರದ್ದು ಬೇರೆ ಬಳಗ. ಮುಂಬಯಿಯಲ್ಲಿ ಬೋಸ್ಲಾ ಎಂದು ಕರೆಯುವ ವಿಜ್ಞಾನ ಗ್ರಂಥಪಾಲರ ಸಂಘವಿದೆ. ಗೋವಾದಲ್ಲಿ ಗೋವಾ ಗ್ರಂಥಾಲಯ ಸಂಘವಿದೆ. ತಂತ್ರಾಂಶ, ಸಂರಕ್ಷಣೆಯಂಥ ವಿಷಯಕ್ಕೆ ಇಂಥವರು ನಡೆಸುವ ಕಾರ್ಯಾಗಾರಗಳು ಉಪಯುಕ್ತ.

ಹೋದಾಗ 'ಸಹಾಯ ಮಾಡಿ' ಎಂದಷ್ಟೇ ಕೇಳಬೇಡಿ. ಮೂರು ಸ್ಪಷ್ಟ ಮಾತು ಕೇಳಿ: ಒಬ್ಬ ಅನುಭವಿ ಗ್ರಂಥಪಾಲರು ಅರ್ಧ ದಿನ ಬಂದು ನಮ್ಮ ಜೋಡಣೆ ನೋಡುವರೇ? ನಮ್ಮ ಸಂಘದ ಹುಡುಗಿಯೊಬ್ಬಳು ನಿಮ್ಮ ವಾಚನಾಲಯದಲ್ಲಿ ನಾಲ್ಕು ಶನಿವಾರ ಕೂತು ಕಲಿಯಬಹುದೇ? ಬೇಡವಾದ ಹಳೆಯ ರ‍್ಯಾಕು, ಕ್ಯಾಟಲಾಗ್ ಪೆಟ್ಟಿಗೆ ಯಾರಲ್ಲಾದರೂ ಇದೆಯೇ? ಒಂದು ಕನ್ನಡ ಸಂಘದ ಪರವಾಗಿ ಹೀಗೆ ಕೇಳಿದಾಗ, ಕನ್ನಡ ಒಂದಕ್ಷರ ಬಾರದ ಮರಾಠಿ ಗ್ರಂಥಪಾಲರೊಬ್ಬರು ಎರಡು ಲೋಕಲ್ ರೈಲು ಬದಲಾಯಿಸಿ ಬಂದು, ಸಂಜೆಯವರೆಗೆ ನೆಲದ ಮೇಲೆ ಕೂತು ನಮ್ಮೊಂದಿಗೆ ಚೀಟಿ ಅಂಟಿಸಿದರು. "ಪುಸ್ತಕದ ಕೆಲಸಕ್ಕೆ ಭಾಷೆ ಯಾಕೆ ಅಡ್ಡ ಬರಬೇಕು ತಾಯಿ" ಎಂದು ಮರಾಠಿಯಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿದೆ.

ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರ ಜನ್ಮದಿನವೆಂದು ಆಚರಿಸುವ ದಿನ, ದೇಶದಲ್ಲಿ ಗ್ರಂಥಪಾಲರ ದಿನ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿ, ಕೊನೆಯ ವರ್ಷಗಳನ್ನು ಅಲ್ಲೇ ಕಳೆದು, 1972ರಲ್ಲಿ ತೀರಿಕೊಂಡರು. ಆ ದಿನ ನಿಮ್ಮ ಸಂಘದಲ್ಲಿ ಹಾರ, ಭಾಷಣದ ಬದಲು ಪಕ್ಕದ ಮರಾಠಿ, ಗುಜರಾತಿ ವಾಚನಾಲಯಗಳವರನ್ನು ಚಹಾಕ್ಕೆ ಕರೆಯಿರಿ. ಒಂದು ವರ್ಷದ ಪರಿಚಯ ಒಂದು ಸಂಜೆಯಲ್ಲಿ ಆಗುತ್ತದೆ.

ಕುರ್ಚಿಯಲ್ಲಿ ಕೂರುವವರು

ಸ್ವಯಂಸೇವಕರು ಬದಲಾಗುತ್ತಾರೆ, ಪದಾಧಿಕಾರಿಗಳೂ ಬದಲಾಗುತ್ತಾರೆ. ಆದ್ದರಿಂದ ಒಬ್ಬರಿಗಾದರೂ ವಿಧಿವತ್ತಾದ ತರಬೇತಿ ಕೊಡಿಸಿ. ಮಹಾರಾಷ್ಟ್ರದಲ್ಲಿ ಗ್ರಂಥಾಲಯ ಪ್ರಮಾಣಪತ್ರದ ಅಲ್ಪಾವಧಿ ಕೋರ್ಸ್ ಇದೆ, ಜಿಲ್ಲಾ ಗ್ರಂಥಾಲಯ ಸಂಘಗಳು ಅದರ ವರ್ಗ ನಡೆಸುತ್ತವೆ. ಪದವಿ ಮುಗಿಸಿದವರಿಗೆ ಗ್ರಂಥಾಲಯ ವಿಜ್ಞಾನದ ಒಂದು ವರ್ಷದ ಪದವಿ ಬಿ.ಲಿಬ್. ಇದೆ. ಮುಂಬಯಿ ಮತ್ತು ಪುಣೆ ವಿಶ್ವವಿದ್ಯಾಲಯಗಳಲ್ಲಿ, ಹೆಣ್ಣುಮಕ್ಕಳಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ, ಮನೆಯಲ್ಲೇ ಕೂತು ಓದುವವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಕಲಿಯಬಹುದು. ಕನ್ನಡ ಬಲ್ಲ, ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದ ಗೃಹಿಣಿಯರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಅವರಲ್ಲೊಬ್ಬರ ಶುಲ್ಕವನ್ನು ಸಂಘ ಕಟ್ಟಲಿ. ವಾರ್ಷಿಕೋತ್ಸವದ ಒಂದು ಶಾಮಿಯಾನದ ಖರ್ಚೂ ಆಗುವುದಿಲ್ಲ. ಆಮೇಲೆ ಅವರಿಗೆ ಚಿಕ್ಕದಾದರೂ ತಿಂಗಳ ಸಂಬಳ ಕೊಡಿ. ಪುಸ್ತಕಕ್ಕೆ, ರ‍್ಯಾಕಿಗೆ ದೇಣಿಗೆ ಕೊಡುವವರು ಸಿಗುತ್ತಾರೆ, ಗ್ರಂಥಪಾಲಕಿಯ ಸಂಬಳಕ್ಕೆ ಯಾರೂ ಮುಂದೆ ಬರುವುದಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ದಾನಿಗಳು ಈ ಸಾಲನ್ನು ಓದುತ್ತಿದ್ದರೆ, ಒಂದು ವರ್ಷದ ಸಂಬಳವನ್ನೇ ನಿಮ್ಮ ತಾಯಿಯ ಹೆಸರಿನಲ್ಲಿ ಕೊಡಿ.

ಪುಸ್ತಕ ತರುವುದು, ಮನೆಗೆ ಮುಟ್ಟಿಸುವುದು

ಹೊಸ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ, ಕನ್ನಡ ಸಾಹಿತ್ಯ ಪರಿಷತ್ತುಗಳ ಪಟ್ಟಿ ತರಿಸಿ. ರಾಜ್ಯೋತ್ಸವದ ಸಮಯದ ರಿಯಾಯಿತಿ ಗಮನಿಸಿ. ಊರಿಗೆ ಹೋಗಿಬರುವ ಸದಸ್ಯರಿಗೆ ಒಂದು ಚೀಟಿ ಕೊಟ್ಟು ಕಳಿಸಿದರೆ ಸಾಗಣೆ ಖರ್ಚೂ ಉಳಿಯುತ್ತದೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಪುಸ್ತಕ, ಕಟ್ಟಡ, ಪೀಠೋಪಕರಣಕ್ಕೆ ನೆರವು ಕೊಡುತ್ತದೆ. ದಾರಿ ರಾಜ್ಯದ ಗ್ರಂಥಾಲಯ ಇಲಾಖೆಯ ಮೂಲಕ.

ನಿಮ್ಮಲ್ಲಿ ಇಲ್ಲದ ಹಳೆಯ ಕನ್ನಡ ಪುಸ್ತಕವನ್ನು ಯಾರಾದರೂ ಕೇಳಿದರೆ ಫೋರ್ಟಿನ ಟೌನ್‌ಹಾಲ್ ನೆನಪಿರಲಿ. 1954ರ ಕಾಯಿದೆಯಂತೆ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಮುಂಬಯಿಯ ಪ್ರತಿ ಬರುವುದು ಟೌನ್‌ಹಾಲಿನ ಕೇಂದ್ರ ಗ್ರಂಥಾಲಯಕ್ಕೆ. ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನಕ್ಕೂ ಈ ನಿಯಮ ಅನ್ವಯಿಸುತ್ತದೆ. ಎಲ್ಲರೂ ಕಳಿಸುವುದಿಲ್ಲ ನಿಜ, ಆದರೂ ಹುಡುಕಿ ನೋಡಿ. ನೀವೇ ಪುಸ್ತಕ ಪ್ರಕಟಿಸುವವರಾದರೆ ಆ ನಾಲ್ಕು ಪ್ರತಿಗಳನ್ನು ಮರೆಯದೆ ಕಳಿಸಿ.

ಮುಂಬಯಿಯಲ್ಲಿ ಎಂಟು ಗಂಟೆಗೆ ಮನೆ ಸೇರುವವರು ವಾಚನಾಲಯಕ್ಕೆ ಬರಲಾರರು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹಳ್ಳಿ ಹಳ್ಳಿಗೆ ಹೋಗಿತ್ತು. ನಮಗೆ ಚಕ್ರದ ಸೂಟ್‌ಕೇಸ್ ಸಾಕು. ಮೂವತ್ತು ಪುಸ್ತಕ ತುಂಬಿ, ಕನ್ನಡದವರು ಹೆಚ್ಚಿರುವ ಒಂದು ಹೌಸಿಂಗ್ ಸೊಸೈಟಿಯಲ್ಲಿ ಒಬ್ಬರ ಮನೆಗೆ ಒಂದು ತಿಂಗಳು ಬಿಡಿ. ಮುಂದಿನ ತಿಂಗಳು ಇನ್ನೊಂದಕ್ಕೆ. ಅದರಲ್ಲಿ ದಪ್ಪ ಅಕ್ಷರದ ಮಕ್ಕಳ ಪುಸ್ತಕ ಕಡ್ಡಾಯವಾಗಿ ಇರಲಿ. ಕನ್ನಡ ಮಾತಾಡಿದರೂ ಅಕ್ಷರ ಬಾರದ ಮೊಮ್ಮಕ್ಕಳಿಗೆ ಅಜ್ಜಿಯರು ಓದಿ ಹೇಳುತ್ತಾರೆ.

ಕೊನೆಯದಾಗಿ, ಮೇಜಿನ ಮೇಲೆ ಒಂದು ಬೇಡಿಕೆ ವಹಿ ಇಡಿ. ಇಲ್ಲದ ಪುಸ್ತಕ ಕೇಳಿದವರ ಹೆಸರು, ಫೋನ್ ನಂಬರ್, ಪುಸ್ತಕದ ಹೆಸರು ಬರೆದುಕೊಳ್ಳಿ. ಬಂದ ದಿನವೇ ಫೋನ್ ಮಾಡಿ. ಆ ಎರಡನೇ ಮಹಡಿಯ ಅಜ್ಜಿಯ ಹೆಸರು ಆ ಸಂಘದ ವಹಿಯ ಮೊದಲ ಸಾಲಿನಲ್ಲಿತ್ತು. ಅವರು ಕೇಳಿದ ಕಾದಂಬರಿ ಹುಬ್ಬಳ್ಳಿಯಿಂದ ಬರಲು ಐದು ವಾರ ಹಿಡಿಯಿತು. ಫೋನ್ ಮಾಡಿದಾಗ "ಬಂತಾ? ಈಗಲೇ ಇಳೀತೀನಿ, ಬಾಗಿಲು ಹಾಕಬೇಡಿ" ಎಂದರು. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಇಳಿದು ಬಂದರು, ಜೊತೆಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು. ಆವತ್ತು ಸದಸ್ಯರ ವಹಿಯಲ್ಲಿ ಎರಡು ಹೊಸ ಸಾಲು ಬರೆದೆವು.